ಹೀರಿದ ಧೂಳು ಹೋಗುವುದೆಲ್ಲಿಗೆ?

ಮಲೆನಾಡಿನಲ್ಲಿ ಮನೆ ಕಟ್ಟುವ ಬಗೆಯೇ ಒಂದು ತಲೆಮಾರಿನೊಳಗೆ ಬದಲಾಗಿದೆ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ ಇದ್ದ ಕಡೆಗಳಲ್ಲಿ ಇಂದು ಸಿಮೆಂಟು, ಗ್ರಾನೈಟು, ಟೈಲ್ಸು, ಪುಟ್ಟಿಗಳು ಬಂದು ಕೂತಿವೆ. ಹೋಂಸ್ಟೇ, ರೆಸಾರ್ಟುಗಳು ಈ ವೇಗವನ್ನು ಇನ್ನಷ್ಟು ಹೆಚ್ಚಿಸಿವೆ. ಈ ಬದಲಾವಣೆಯ ಚರ್ಚೆಯಲ್ಲಿ ಮರಳಿನ ಮಾತು, ಕಲ್ಲುಕ್ವಾರಿಯ ಮಾತು, ಧರೆ ಕುಸಿತದ ಮಾತು ಬರುತ್ತವೆ. ಧೂಳಿನ ಮಾತು ಮಾತ್ರ ಬರುವುದಿಲ್ಲ.

ಕಲ್ಲು ಕೊಯ್ಯುವಾಗ, ವೈರಿಂಗಿಗಾಗಿ ಗೋಡೆ ಕೊರೆಯುವಾಗ, ಪುಟ್ಟಿ ಉಜ್ಜುವಾಗ ಏಳುವ ಧೂಳನ್ನು ಹೀರುವ ವ್ಯಾಕ್ಯೂಮ್ ಯಂತ್ರಗಳನ್ನು ಈಚೆಗೆ ಕೆಲವು ಗುತ್ತಿಗೆದಾರರು ಬಳಸತೊಡಗಿದ್ದಾರೆ. ಇದು ಸ್ವಾಗತಾರ್ಹ. ಆದರೆ ಸಂಜೆ ಆ ಯಂತ್ರದ ಹೊಟ್ಟೆಯನ್ನು ಮನೆಯ ಹಿಂದಿನ ಇಳಿಜಾರಿನಲ್ಲಿ ಕೊಡವಿ, ಫಿಲ್ಟರನ್ನು ಕಲ್ಲಿಗೆ ಬಡಿದು ಚೊಕ್ಕಟ ಮಾಡಿದರೆ ದಿನವಿಡೀ ಹೀರಿದ್ದೆಲ್ಲವೂ ಒಂದೇ ಗಳಿಗೆಯಲ್ಲಿ ಮರಳಿ ಗಾಳಿಗೆ ಸೇರುತ್ತದೆ. ಧೂಳನ್ನು ಹಿಡಿಯುವುದು ಅರ್ಧ ಕೆಲಸ. ಹಿಡಿದ ಧೂಳನ್ನು ಎಲ್ಲಿ, ಹೇಗೆ ಇಳಿಸಬೇಕೆಂಬುದು ಉಳಿದರ್ಧ. ಎರಡನೆಯದು ತಪ್ಪಿದರೆ ಮೊದಲನೆಯದು ವ್ಯರ್ಥ.

ಈ ಧೂಳು ರಸ್ತೆಯ ಕೆಂಧೂಳಿನಂಥದಲ್ಲ. ನಿಜವಾದ ಗ್ರಾನೈಟಿನಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಮರಳು, ಕಾಂಕ್ರೀಟು, ಟೈಲ್ಸುಗಳಲ್ಲಿಯೂ ಅದು ಉಂಟು. ಕೊಯ್ಯುವ ಚಕ್ರ ಅದನ್ನು ನುಣ್ಣಗೆ ಪುಡಿ ಮಾಡುತ್ತದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಶ್ವಾಸಕೋಶದ ಆಳಕ್ಕಿಳಿಯುವ ಕಣಗಳ ಗಾತ್ರ ನಾಲ್ಕೈದು ಮೈಕ್ರಾನ್‌ಗಿಂತ ಕಡಿಮೆ. ಇವು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಕಟ್ಟಿದ ಟವೆಲ್ಲಿಗೆ ತಡೆಯುವುದಿಲ್ಲ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಶ್ವಾಸಕೋಶದಲ್ಲಿ ನೆಲೆಸಿದ ಕಣಗಳ ಸುತ್ತ ಗಾಯದ ಗಂಟುಗಳು ಬೆಳೆಯುತ್ತವೆ. ಅದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಈ ರೋಗಿಗಳಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು; ಎಷ್ಟೋ ಬಾರಿ ಸಿಲಿಕೋಸಿಸ್ಸನ್ನೇ ಕ್ಷಯವೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗಿಸುವುದುಂಟು.

ಕರ್ನಾಟಕಕ್ಕೆ ಈ ರೋಗ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಇದು ವ್ಯಾಪಕವಾಗಿದ್ದುದು 1940ರ ದಶಕದಲ್ಲಿಯೇ ವೈದ್ಯಕೀಯ ತಪಾಸಣೆಯಿಂದ ದಾಖಲಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಉಸಿರಿಗೆ ಸೇರುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕ 2016ರಲ್ಲಿ ಎಂಟು ಗಂಟೆಯ ದುಡಿಮೆಗೆ ವಿಧಿಸಿದ ಮಿತಿ ಘನ ಮೀಟರ್ ಗಾಳಿಗೆ ಸರಾಸರಿ 50 ಮೈಕ್ರೋಗ್ರಾಂ. ಈ ಲೆಕ್ಕವನ್ನು ಒಂದು ಕೋಣೆಗೆ ಅನ್ವಯಿಸಿ ನೋಡಬಹುದು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿರುವ ಗಾಳಿ 48 ಘನ ಮೀಟರ್. ಅಂಥ ಕೋಣೆಯ ಗಾಳಿ ಈ ಮಿತಿಯನ್ನು ಮುಟ್ಟಲು 2.4 ಮಿಲಿಗ್ರಾಂ ಸಿಲಿಕಾ ಸಾಕು. ಒಂದು ಚಿಟಿಕೆ ಉಪ್ಪು ಇದರ ಹತ್ತಾರು ಪಟ್ಟು ತೂಗುತ್ತದೆ. ಯಂತ್ರದ ಚೀಲದಲ್ಲಿ ಕೂಡುವುದಾದರೋ ಕಿಲೋಗಟ್ಟಲೆ ಧೂಳು.

ಎಲ್ಲ ಯಂತ್ರಗಳೂ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮನೆಬಳಕೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ದಪ್ಪ ಧೂಳನ್ನು ಹಿಡಿದು, ಅಪಾಯಕಾರಿಯಾದ ನುಣುಪು ಧೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ಯೂರೋಪಿನ ಮಾನದಂಡದಲ್ಲಿ ಇಂಥ ಯಂತ್ರಗಳಿಗೆ ಎಲ್, ಎಂ, ಎಚ್ ಎಂಬ ಮೂರು ವರ್ಗಗಳಿವೆ. ಕಲ್ಲು, ಕಾಂಕ್ರೀಟಿನ ಧೂಳಿಗೆ ಕನಿಷ್ಠ ಎಂ ವರ್ಗದ, ಅಂದರೆ ನೂರಕ್ಕೆ 99.9 ಪಾಲು ಧೂಳನ್ನು ತಡೆಯುವ ಯಂತ್ರ ಬೇಕು. ಅದರೊಳಗೆ ಕೊಡವಿ ಮತ್ತೆ ಬಳಸುವ ಬಟ್ಟೆಚೀಲದ ಬದಲು ಬಾಯಿ ಮುಚ್ಚಿ ತೆಗೆಯಬಹುದಾದ ಚೀಲ ಇರಬೇಕು.

ಚೀಲ ತೆಗೆಯುವ ಕ್ರಮವೂ ಮುಖ್ಯ. ಚೀಲ ತುಂಬಿ ತುಳುಕುವವರೆಗೆ ಕಾಯದೆ ಮುಕ್ಕಾಲು ತುಂಬಿದಾಗಲೇ ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಒಳಗಿನ ಧೂಳು ತಳ ಸೇರುವಂತೆ ಕೆಲವು ನಿಮಿಷ ಬಿಡಬೇಕು. ಫಿಲ್ಟರ್ ಅಲುಗಿಸುವ ಸೌಲಭ್ಯವಿದ್ದರೆ ಮುಚ್ಚಳ ತೆರೆಯುವ ಮೊದಲೇ ಅದನ್ನು ಬಳಸಬೇಕು. ಅನಂತರ ಎನ್-95 ದರ್ಜೆಯ ಮಾಸ್ಕ್ ಧರಿಸಿ, ಮನೆಯ ಹೊರಗೆ, ಗಾಳಿ ಬೀಸಿಬರುವ ದಿಕ್ಕಿಗೆ ಬೆನ್ನು ಮಾಡಿ ನಿಂತು, ಚೀಲದ ಬಾಯಿಯನ್ನು ಯಂತ್ರದೊಳಗಿರುವಾಗಲೇ ಮುಚ್ಚಿ, ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಕಟ್ಟಬೇಕು. ಫಿಲ್ಟರನ್ನು ಬಡಿಯುವುದು, ಕಂಪ್ರೆಸರ್ ಗಾಳಿಯಿಂದ ಊದುವುದು, ಚೆಲ್ಲಿದ್ದನ್ನು ಒಣ ಪೊರಕೆಯಿಂದ ಗುಡಿಸುವುದು ಕೂಡದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು.

ಹಾಗೆ ಕಟ್ಟಿದ ಚೀಲವನ್ನು ಎಲ್ಲಿಡಬೇಕು? ಮಲೆನಾಡಿನಲ್ಲಿ ಈ ಪ್ರಶ್ನೆ ಬಯಲುಸೀಮೆಗಿಂತ ತೀವ್ರವಾದುದು. ಇಲ್ಲಿ ಬೇಸಿಗೆಯಲ್ಲಿ ಧರೆಯ ಅಂಚಿಗೆ ಸುರಿದುದು ಮೊದಲ ದೊಡ್ಡ ಮಳೆಗೇ ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ನುಣುಪಾದ ಕಲ್ಲಿನ ಪುಡಿ ನೀರನ್ನು ಕದಡುತ್ತದೆ, ಮೀನಿನ ಕಿವಿರಿಗೆ ಅಂಟುತ್ತದೆ, ಹಳ್ಳದ ತಳದ ಮೊಟ್ಟೆಗಳನ್ನು ಮುಚ್ಚುತ್ತದೆ. ಹಸಿ ಸಿಮೆಂಟು ಬೆರೆತ ನೀರಿನ ಕ್ಷಾರತೆ ಪಿಎಚ್ 12ನ್ನು ದಾಟಬಲ್ಲದು. ಅಂಥ ನೀರು ಸಣ್ಣ ಹಳ್ಳಕ್ಕೆ ಒಮ್ಮೆಲೇ ಸೇರಿದರೆ ಮೀನು, ಏಡಿಗಳು ಉಳಿಯುವುದಿಲ್ಲ. ನೀರು ಹಾಯಿಸಿ ಕಲ್ಲು ಕೊಯ್ದರೆ ಧೂಳು ಏಳದು ಎಂಬುದು ನಿಜ, ಆದರೆ ಆ ಬಗ್ಗಡವನ್ನೂ ಗುಂಡಿಯಲ್ಲಿ ನಿಲ್ಲಿಸಿ, ತಳಕ್ಕಿಳಿದ ಕೆಸರನ್ನು ಬೇರೆಯಾಗಿ ತೆಗೆಯಲೇಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕಾಗಿದೆ. ಮಲೆನಾಡಿನ ಮಣ್ಣು ಹುಳಿ, ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ರೂಢಿ; ಆದ್ದರಿಂದ ಸಿಮೆಂಟಿನ ಧೂಳನ್ನು ತೋಟಕ್ಕೆ ಎರಚಿದರೆ ಲಾಭವೇ ಎಂಬ ವಾದ ಕೇಳಿಬರುವುದುಂಟು. ಸುಣ್ಣವನ್ನು ಮಣ್ಣು ಪರೀಕ್ಷೆ ಮಾಡಿಸಿ, ಅಳತೆಯಿಂದ ಹಾಕಬೇಕು. ಯಂತ್ರದ ಚೀಲದಲ್ಲಿರುವುದು ಸಿಮೆಂಟು, ಸಿಲಿಕಾ, ಬಣ್ಣ, ಅಂಟುಗಳ ಗೊತ್ತುಗುರಿಯಿಲ್ಲದ ಬೆರಕೆ. ಸಿಮೆಂಟಿನಲ್ಲಿ ಕ್ರೋಮಿಯಂ ಅಂಶವೂ ಇರುತ್ತದೆ. ಒಂದೇ ಕಡೆ ಬಿದ್ದರೆ ಅಲ್ಲಿನ ಎಳೆ ಬೇರು ಸುಡುತ್ತದೆ. ಒಣಗಿದರೆ ತೋಟದಲ್ಲಿ ಕೆಲಸ ಮಾಡುವವರ ಮೂಗಿಗೆ ಬರುತ್ತದೆ. ಗೊಬ್ಬರಗುಂಡಿಗೂ ಇದು ಸಲ್ಲದು.

ಬರಿಯ ಕಲ್ಲು, ಕಾಂಕ್ರೀಟು, ಟೈಲ್ಸಿನ ಧೂಳಾದರೆ ಪರಿಹಾರ ಕಷ್ಟವಲ್ಲ. ಚೀಲದ ಬಾಯಿಯಲ್ಲೇ ನಿಧಾನವಾಗಿ ನೀರು ಹನಿಸಿ, ಸ್ವಲ್ಪ ಸಿಮೆಂಟು ಬೆರೆಸಿ ಕಲಸಿದರೆ ಅದು ಗಟ್ಟಿ ಹೆಂಟೆಯಾಗುತ್ತದೆ. ಆ ಹೆಂಟೆಗಳನ್ನು ಅಂಗಳದ ಕಾಂಕ್ರೀಟಿನ ಅಡಿಯ ಭರ್ತಿಗೆ ಹಾಕಿ ಮುಚ್ಚಬಹುದು, ಇಲ್ಲವೇ ಕಟ್ಟಡ ತ್ಯಾಜ್ಯ ಸಂಗ್ರಹಿಸುವ ಕೇಂದ್ರವಿದ್ದಲ್ಲಿ ಒಪ್ಪಿಸಬಹುದು. ಹಳೆಯ ಬಣ್ಣ ಉಜ್ಜಿದ ಧೂಳನ್ನು ಮಾತ್ರ ಇದಕ್ಕೆ ಬೆರೆಸಬಾರದು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣಗಳಲ್ಲಿ ಸೀಸ ಇರಬಹುದೆಂದೇ ಭಾವಿಸಬೇಕು. ಕೊಟ್ಟಿಗೆ, ಶಾಲೆಗಳ ಮೇಲಿರುವ ಹಳೆಯ ಆಸ್‌ಬೆಸ್ಟಾಸ್ ಸಿಮೆಂಟು ಶೀಟನ್ನಂತೂ ಕೊಯ್ಯಲೂಬಾರದು, ಅದರ ಧೂಳನ್ನು ಈ ಯಂತ್ರದಿಂದ ಹೀರಲೂಬಾರದು. ಅದನ್ನು ಒದ್ದೆ ಮಾಡಿ ಒಡೆಯದಂತೆ ಇಳಿಸುವುದು ತರಬೇತಾದವರ ಕೆಲಸ. ಯಾವ ಚೀಲವನ್ನೂ ಸುಡುವುದು ಸಲ್ಲದು.

ಕಾನೂನು ಏನು ಹೇಳುತ್ತದೆ? ಕಟ್ಟಡ ತ್ಯಾಜ್ಯ ಕುರಿತ 2016ರ ಕೇಂದ್ರ ನಿಯಮಗಳು ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ಮೀರಿದವರ ಮೇಲೆ ವಿಶೇಷ ಹೊಣೆ ಹೊರಿಸಿದವು. 2025ರಲ್ಲಿ ಪ್ರಕಟವಾಗಿ, ಜಾರಿಯ ದಿನ 2026ರ ಏಪ್ರಿಲ್ 1 ಎಂದು ಗೊತ್ತುಪಡಿಸಿದ ಹೊಸ ನಿಯಮಗಳ ಮುಖ್ಯ ಹೊಣೆಗಾರಿಕೆ 20,000 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ಕಟ್ಟಡಗಳಿಗೆ ಸಂಬಂಧಿಸಿದುದು. ಹಳ್ಳಿಯ ಮನೆ, ನಾಲ್ಕು ಕೋಣೆಯ ಹೋಂಸ್ಟೇ ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಶ್ವಾಸಕೋಶಕ್ಕೆ ಕಟ್ಟಡದ ಚದರ ಮೀಟರ್ ಗೊತ್ತಿಲ್ಲ. ದೊಡ್ಡ ಕಟ್ಟಡಕ್ಕಿಂತ ಕಿಟಕಿ ಮುಚ್ಚಿದ ಸಣ್ಣ ಕೋಣೆಯೇ ಕೆಲಸಗಾರನಿಗೆ ಹೆಚ್ಚು ಅಪಾಯಕಾರಿ ಆಗಬಹುದು.

ಆದ್ದರಿಂದ ಹೊಣೆ ಊರಿನದೇ. ಮನೆ ಕಟ್ಟಲು ಪರವಾನಗಿ ನೀಡುವ ಗ್ರಾಮ ಪಂಚಾಯಿತಿ ಧೂಳಿನ ವಿಲೇವಾರಿಯನ್ನು ಒಂದು ಷರತ್ತಾಗಿಸಬೇಕು. ಹಳ್ಳ, ಬಾವಿಗಳಿಂದ ದೂರದಲ್ಲಿ ಮಳೆನೀರು ಹಾಯದ ಒಂದು ಸಂಗ್ರಹ ಜಾಗ ಗುರುತಿಸಬೇಕು. ಮನೆ ಕಟ್ಟಿಸುವವರು ಮೇಸ್ತ್ರಿಯೊಡನೆ ದರ ಮಾತನಾಡುವಾಗಲೇ ಯಂತ್ರ, ಚೀಲ, ಮಾಸ್ಕುಗಳ ಖರ್ಚನ್ನು ಒಪ್ಪಿಕೊಳ್ಳಬೇಕು. ಗ್ರಾನೈಟಿನ ನೆಲಕ್ಕೆ ಲಕ್ಷಗಟ್ಟಲೆ ಸುರಿಯುವವರಿಗೆ ಇದು ದೊಡ್ಡ ಮೊತ್ತವಲ್ಲ. ವಿದ್ಯಾರ್ಥಿಗಳು ತಮ್ಮೂರಿನಲ್ಲಿ ಏಳುತ್ತಿರುವ ಕಟ್ಟಡಗಳ ಧೂಳು ಎಲ್ಲಿ ಬೀಳುತ್ತಿದೆಯೆಂದು ಗುರುತಿಸಿ ಪಟ್ಟಿ ಮಾಡಿ, ಅದನ್ನು ಗ್ರಾಮಸಭೆಯ ಮುಂದಿಡಬಹುದು.

ಕಲ್ಲು ಕೊಯ್ಯುವ ಕೆಲಸಕ್ಕೆ ಇಲ್ಲಿಗೆ ಬರುವವರಲ್ಲಿ ಅನೇಕರು ದೂರದ ಜಿಲ್ಲೆ, ರಾಜ್ಯಗಳವರು. ಮನೆ ಮುಗಿದ ಮೇಲೆ ಅವರು ಹೊರಟುಹೋಗುತ್ತಾರೆ. ಹತ್ತು ವರ್ಷಗಳ ಅನಂತರ ಏಳುವ ಅವರ ಕೆಮ್ಮು ಗೃಹಪ್ರವೇಶದ ಊಟ ಉಂಡವರ ಕಿವಿಗೆ ಬೀಳುವುದಿಲ್ಲ. ಆ ಕೆಮ್ಮನ್ನು ಇಂದೇ ತಡೆಯಲು ಬೇಕಾದುದು ಒಂದು ಸರಿಯಾದ ಯಂತ್ರ, ಎರಡು ಪದರದ ಚೀಲ, ಒಂದು ಕೊಡ ನೀರು, ಮತ್ತು ಇಷ್ಟನ್ನು ಒದಗಿಸಲೇಬೇಕೆಂಬ ಊರಿನ ನಿರ್ಧಾರ.