ಆವಕ-ಜಾವಕ

ಸರಕಾರಿ ಗುಮಾಸ್ತರಾದ ನಮಗೆ ಜಗತ್ತೆಲ್ಲವೂ ಎರಡು ಪುಸ್ತಕಗಳಲ್ಲಿ ಅಡಗಿದೆ: ಒಂದು ಆವಕ, ಇನ್ನೊಂದು ಜಾವಕ. ಬಂದುದನ್ನು ಒಂದರಲ್ಲಿ ಬರೆಯಬೇಕು, ಹೋದುದನ್ನು ಇನ್ನೊಂದರಲ್ಲಿ. ಗಣಕಯಂತ್ರಕ್ಕೆ ಭಾಷೆ ಕಟ್ಟುವ ಪಂಡಿತರೂ ಇವೇ ಎರಡು ಪುಸ್ತಕಗಳ ಮುಂದೆ ಕುಳಿತು ತಲೆ ಕೆರೆದುಕೊಂಡವರೆಂದು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಪ್ರೋಗ್ರಾಮು ಬರೆಯುವ ಮಗನೋ ಸೊಸೆಯೋ ಇಲ್ಲದ ಮನೆ ನಮ್ಮ ಸಂಘದಲ್ಲಿ ಈಗ ವಿರಳ. ಅವರ ಕಸುಬಿನ ಈ ಒಂದು ಮೂಲೆಯನ್ನು ಈ ಸಲ ನೋಡೋಣ. ಕನ್ನಡಿಗರ ಹೆಸರಿನ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಪ್ರೋಗ್ರಾಮಿಗೆ ಮಾಹಿತಿ ಬರುವ ದಾರಿಗಳು ಹಲವು: ಕೀಲಿಮಣೆ, ಡಿಸ್ಕು, ತಂತಿಯ ಆಚೆ ತುದಿಯ ಇನ್ನೊಂದು ಯಂತ್ರ. ಒಂದೊಂದಕ್ಕೂ ಒಂದೊಂದು ಕ್ರಮವೆಂದರೆ ಬರೆಯುವವನ ಗತಿಯೇನು? 1970ರ ದಶಕದ ಮೊದಲಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಎಂಬವರು 'ಸಿ' ಭಾಷೆಗೆ ಇದಕ್ಕಾಗಿ ಒಂದು ಲೈಬ್ರರಿಯನ್ನು, ಎಂದರೆ ಸಿದ್ಧ ಕೆಲಸಗಳ ಒಂದು ಕಟ್ಟನ್ನು, ಬರೆದರು. ಅದೇ ಮುಂದೆ ತಿದ್ದುಪಡಿ ಹೊಂದಿ ಆ ಭಾಷೆಯ ಪ್ರಮಾಣಿತ ಆವಕ-ಜಾವಕ ವ್ಯವಸ್ಥೆಯಾಯಿತು. ಮೂಲ ಯಾವುದೇ ಇರಲಿ, ಪ್ರೋಗ್ರಾಮಿಗೆ ಕಾಣುವುದು ಒಂದೇ ಕಾಲುವೆ. ಬೈಟಿನ ಹಿಂದೆ ಬೈಟು ಹರಿದು ಬರುತ್ತದೆ.

ಒಂದೊಂದು ಕಾಗದಕ್ಕೂ ಜವಾನನನ್ನು ಮೂರನೆಯ ಮಹಡಿಗೆ ಓಡಿಸುವ ಸಾಹೇಬರನ್ನು ಯಾರು ಮೆಚ್ಚುತ್ತಾರೆ? ಕಾಗದಗಳನ್ನು ತಟ್ಟೆಯಲ್ಲಿ ಕೂಡಿಸಿ, ತಟ್ಟೆ ತುಂಬಿದಾಗ ಕಳಿಸುವುದೇ ಜಾಣತನ. ಲೈಬ್ರರಿಯಲ್ಲಿ ಈ ತಟ್ಟೆಗೆ ಬಫರ್ ಎಂದು ಹೆಸರು. ಆದರೆ ತಪ್ಪಿನ ವರದಿಗೆ 'ಸಿ'ಯಲ್ಲಿ ಬೇರೆಯೇ ಕಾಲುವೆಯುಂಟು. ಅದು ತಟ್ಟೆ ತುಂಬಲೆಂದು ಕಾಯುವುದಿಲ್ಲ. ಬೆಂಕಿ ಬಿದ್ದ ಸುದ್ದಿಯನ್ನು ಸಂಜೆಯ ಟಪಾಲಿಗೆ ಇಟ್ಟುಕೊಳ್ಳಲಾದೀತೇ?

ಇಷ್ಟರವರೆಗೆ ಎಲ್ಲವೂ ಸರಿಯೇ. ತೊಡಕು ಬಂದುದು ಬೈಟೇ ಅಕ್ಷರವೆಂದು ನಂಬಿದ್ದರಿಂದ. ಇಂಗ್ಲಿಷಿನ ಅಕ್ಷರ ಒಂದು ಬೈಟಿನಲ್ಲಿ ಹಿಡಿಯುತ್ತದೆ, ನಮ್ಮದು ಹಿಡಿಯುವುದಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. 'ಕನ್ನಡ' ಎಂಬ ಮಾತನ್ನೇ ತೆಗೆದುಕೊಳ್ಳಿ. ನಾವು ಎಣಿಸುವುದು 3 ಅಕ್ಷರ. ಒತ್ತಕ್ಷರವನ್ನು ಬಿಡಿಸಿ ಯಂತ್ರ ಎಣಿಸುವುದು 5 ಚಿಹ್ನೆ. ಕಾಲುವೆಯಲ್ಲಿ ಹರಿಯುವುದು 15 ಬೈಟು. ತಟ್ಟೆಯಲ್ಲಿ 4096 ಬೈಟು ಹಿಡಿಯುವುದೆಂದು ಇಟ್ಟುಕೊಳ್ಳಿ. ನಡುವೆ ತೆರಪಿಲ್ಲದೆ ಕನ್ನಡದ ಚಿಹ್ನೆಗಳೇ ಬಂದರೆ 1365 ಚಿಹ್ನೆ ಇಡಿಯಾಗಿ ಹಿಡಿದು, 1366ನೆಯದರ ಮೂರರಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತದೆ. ಆ ಅರೆಚಿಹ್ನೆಯನ್ನು ಮುಂದಿನ ತಟ್ಟೆ ಬರುವ ತನಕ ಜೋಪಾನವಾಗಿ ಇಟ್ಟುಕೊಳ್ಳುವವರು ಯಾರು?

ಬರೆಯುವ ಪ್ರತಿಯೊಬ್ಬನೂ ಅದನ್ನು ನೆನಪಿಡಲಿ ಎನ್ನುವುದು ಕೆಟ್ಟ ವ್ಯವಸ್ಥೆ. ಲೈಬ್ರರಿಯೇ ನೋಡಿಕೊಳ್ಳುವುದು ಒಳ್ಳೆಯ ವ್ಯವಸ್ಥೆ. 1996ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಮೊದಲು ಬೈಟುಗಳ ಕಾಲುವೆ ಮಾತ್ರ ಇತ್ತು. ಮರುವರ್ಷವೇ, 1997ರಲ್ಲಿ, ಅಕ್ಷರಗಳಿಗೆಂದು ಬೇರೆ ಕಾಲುವೆ ತೋಡಿ, ಎರಡರ ನಡುವೆ ಒಂದು ಸೇತುವೆ ಕಟ್ಟಿದರು. ಪೈಥಾನ್ ಭಾಷೆಯವರು 2008ರ ಮೂರನೆಯ ಆವೃತ್ತಿಯಲ್ಲಿ ಬೈಟನ್ನೂ ಅಕ್ಷರವನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸಿದರು. ಹಳೆಯ ಪ್ರೋಗ್ರಾಮುಗಳನ್ನು ತಿದ್ದಬೇಕಾಯಿತು, ಗೊಣಗಾಟವೂ ಆಯಿತು, ಆದರೂ ಹಿಂದೆಗೆಯಲಿಲ್ಲ.

ಇನ್ನು ನಿಜವಾದ ಧರ್ಮಸಂಕಟಕ್ಕೆ ಬರೋಣ. ಬಂದ ಬೈಟುಗಳೇ ಕೆಟ್ಟಿದ್ದರೆ ಏನು ಮಾಡಬೇಕು? ಹರಿದ ಅರ್ಜಿ ಕೈಗೆ ಬಂದಾಗ ಗುಮಾಸ್ತರಲ್ಲಿ ಎರಡು ಜಾತಿ. ಒಬ್ಬ ಆಕ್ಷೇಪಣೆ ಬರೆದು ಹಿಂದಿರುಗಿಸುತ್ತಾನೆ. ಇನ್ನೊಬ್ಬ ಹರಿದ ಜಾಗದಲ್ಲಿ ಒಂದು ಗೀಟು ಹಾಕಿ ಸದ್ದಿಲ್ಲದೆ ಮುಂದಕ್ಕೆ ದೂಡುತ್ತಾನೆ. ನಾವಾಗಿ ಬೇರೆ ಹೇಳದಿದ್ದರೆ ಪೈಥಾನ್ ಮೊದಲನೆಯವನಂತೆ ಕೆಲಸ ನಿಲ್ಲಿಸಿ ಕೂಗುತ್ತದೆ. ಜಾವಾದ ಆ 1997ರ ಸೇತುವೆ ಎರಡನೆಯವನಂತೆ ಒಂದು ಬದಲಿ ಚಿಹ್ನೆ ಇಟ್ಟು ಮುಂದೆ ಸಾಗುತ್ತದೆ. ತೆರೆಯ ಮೇಲೆ ಓದಿ ಮರೆಯುವ ಸುದ್ದಿಗೆ ಎರಡನೆಯ ರೀತಿಯೇ ವಾಸಿ. ಒಂದು ಅಕ್ಷರಕ್ಕಾಗಿ ಇಡೀ ಪುಟವನ್ನು ತಡೆಯಬೇಕೇ? ಆದರೆ ಪಿಂಚಣಿಯ ಪಟ್ಟಿಗೆ, ಜಮೀನಿನ ದಾಖಲೆಗೆ, ಮತದಾರರ ಯಾದಿಗೆ ಅದು ಸಲ್ಲದು. ಬದಲಿ ಚಿಹ್ನೆ ಒಮ್ಮೆ ದಾಖಲೆಯೊಳಗೆ ಕುಳಿತಿತೆಂದರೆ ಮೂಲದ ಬೈಟುಗಳು ಅಲ್ಲಿಂದ ಹೋದಂತೆಯೇ. ಆಮೇಲೆ ತಾನೇ ತಾನೆಂದು ಸಾಧಿಸುವ ಹೊರೆ ಯಾರ ಮೇಲೆ? ಲೈಬ್ರರಿ ಬರೆದ ಪಂಡಿತರ ಮೇಲಲ್ಲ. ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ ಅಜ್ಜಿಯ ಮೇಲೆ.

ಆದುದರಿಂದ ಈ ಕಸುಬಿನ ನಮ್ಮ ಮಕ್ಕಳಲ್ಲಿ ಎರಡು ಅರಿಕೆ. ಕಾಲುವೆ ತೆರೆಯುವಾಗ ಅಕ್ಷರದ ಪದ್ಧತಿಯ ಹೆಸರನ್ನು ಬಾಯಿಬಿಟ್ಟು ಹೇಳಿರಿ. ಯಂತ್ರದ ಮರ್ಜಿಗೆ ಬಿಡಬೇಡಿ. ಜಾವಾ ಕೂಡ 2022ರಲ್ಲಿ ತನ್ನ 18ನೆಯ ಆವೃತ್ತಿಯಲ್ಲಿ ಯುಟಿಎಫ್-8ನ್ನೇ ವಾಡಿಕೆಯಾಗಿ ಮಾಡಿತು. ಅದಕ್ಕೆ ಮುಂಚೆ ಒಂದೇ ಪ್ರೋಗ್ರಾಮು ಒಂದು ಯಂತ್ರದಲ್ಲಿ ಕನ್ನಡ ಓದಿ ಇನ್ನೊಂದರಲ್ಲಿ ತೊದಲಬಹುದಾಗಿತ್ತು. ಎರಡನೆಯದು: ಜನರ ಹೆಸರುಗಳು ಹರಿಯುವ ಕಾಲುವೆಯಲ್ಲಿ ತಪ್ಪು ಕಂಡರೆ ಗಟ್ಟಿಯಾಗಿ ಕೂಗುವ ಕಾವಲುಗಾರನನ್ನೇ ಇಡಿರಿ. ಕೂಗಿದರೆ ಅರ್ಧ ಗಂಟೆಯ ಕೆಲಸ ನಿಂತೀತು; ಸುಮ್ಮನಿದ್ದರೆ ಒಬ್ಬರ ಹೆಸರೇ ಹೋದೀತು.