ಫಿಜಾಕಿನ ಕರಿಗಲ್ಲು

ಕಳೆದ ಎರಡು ತಿಂಗಳು ಈ ಪುಟದಲ್ಲಿ ನಮ್ಮ ಬರಹವು ಕಾಣದಿದ್ದುದನ್ನು ಕುರಿತು ವಾಚಕರಲ್ಲಿ ಕೆಲವರು ಕಾಗದ ಬರೆದು ವಿಚಾರಿಸಿದ್ದಾರೆ. ಅವರ ವಿಶ್ವಾಸಕ್ಕೆ ನಾವು ಕೃತಜ್ಞರು. ನಮ್ಮ ಮಗನು ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಬಹುದಿನದ ಬಲವಂತಕ್ಕೆ ಕಟ್ಟುಬಿದ್ದು, ನಾವು ನಮ್ಮ ಮನೆಯವರೊಡನೆ ಅಲ್ಲಿಗೆ ಹೋಗಿಬಂದೆವು. ಅಲ್ಲಿ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ ಇವರೊಡನೆ ಮೋಟಾರಿನಲ್ಲಿ ಮೂರು ದಿನ ಹಳೆಯ ಊರುಗಳನ್ನು ಸುತ್ತಿದ ವೃತ್ತಾಂತವನ್ನೂ, ಆ ಪ್ರಯಾಣದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಈ ಸಲ ನಿವೇದಿಸುತ್ತೇವೆ.

ಮೊದಲು ನೋಡಿದುದು ಕೋರ್ದ್-ಸ್ಯುರ್-ಸಿಯೆಲ್. ಆಕಾಶದ ಮೇಲಣ ಕೋರ್ದ್ ಎಂದು ಅರ್ಥ. ತುಲೂಸಿನ ಪ್ರಭುವಾದ ಏಳನೆಯ ರೇಮೋನನು ೧೨೨೨ರಲ್ಲಿ ಗುಡ್ಡದ ನೆತ್ತಿಯ ಮೇಲೆ ಸ್ಥಾಪಿಸಿದ ಊರಿದು. ಮುಂಜಾನೆ ಕಣಿವೆಯಲ್ಲಿ ಮಂಜು ತುಂಬಿದಾಗ ಊರು ಮೋಡದ ಮೇಲೆ ತೇಲುವಂತೆ ತೋರುವುದು. ಆಕಾಶದ ಮಾತು ಹೆಸರಿಗೆ ಸೇರಿದುದು ಮಾತ್ರ ಈಚೆಗೆ, ೧೯೯೩ರಲ್ಲಿ. ಗಾಡಿಯನ್ನು ತಗ್ಗಿನಲ್ಲಿ ಬಿಟ್ಟು, ಕಲ್ಲು ಹಾಸಿದ ಕಡಿದಾದ ಬೀದಿಯನ್ನು ಹತ್ತಬೇಕು. ನಮ್ಮ ಮನೆಯವರು ಮೂರು ಕಡೆ ಕುಳಿತು, “ಇಷ್ಟು ಹತ್ತಿದ ಮೇಲೆ ದೇವರಾದರೂ ಇದ್ದಾನೆಯೆ?” ಎಂದು ಕೇಳಿದರು. ಮೇಲೆ ಸಂತೆಯ ಮಂಟಪವೂ, ಅದರೊಳಗೆ ೧೧೩ ಮೀಟರು ಆಳದ ಬಾವಿಯೂ, ಹಿಂದಿನ ಸಿರಿವಂತರ ಕಲ್ಲಿನ ಮನೆಗಳೂ ಇವೆ. ಒಂದು ಮನೆಯ ಮುಂಗೋಡೆಯಲ್ಲಿ ಬೇಟೆಗಾರರನ್ನೂ ಕಾಡುಹಂದಿಯನ್ನೂ ಮೊಲವನ್ನೂ ಕೆತ್ತಿದ್ದಾರೆ. ಮೊಮ್ಮಗನು ಅವನ್ನು ನೋಡುತ್ತ ಅಜ್ಜಿಗೆ ಕನ್ನಡದಲ್ಲಿ ಒಂದು ಕಥೆಯನ್ನೇ ಹೆಣೆದು ಹೇಳಿದನು. ಕೇಳಿ ನಮಗೆ ಪರಮಾನಂದವಾಯಿತು.

ಆ ಆನಂದದಲ್ಲಿಯೇ ನಾವು ಎಡವಿದೆವು. ಗಾಡಿ ಹೊರಟೊಡನೆ ನಮ್ಮ ಚೀಲದಲ್ಲಿದ್ದ ಈ ಪತ್ರಿಕೆಯ ಸಂಚಿಕೆಯೊಂದನ್ನು ತೆಗೆದು, “ಓದು ಮಗು, ನೋಡೋಣ” ಎಂದು ಅವನ ಕೈಗೆ ಕೊಟ್ಟೆವು. ಹುಡುಗನು ಚಿತ್ರಗಳನ್ನು ನೋಡಿ, ಹಾಳೆಗಳನ್ನು ತಿರುವಿ, ತಲೆ ತಗ್ಗಿಸಿ ಹಿಂದಕ್ಕೆ ಕೊಟ್ಟನು. ಅವನಿಗೆ ಒಂದಕ್ಷರವೂ ಬಾರದು! ಮೂವತ್ತೈದು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವರು ನಾವು. ಕೋಪವನ್ನು ತಡೆಯಲಾರದೆ ಹೋದೆವು. ತಾತನ ಕಾಗದವನ್ನು ಓದಲಾರದ ಮಗುವನ್ನು ಬೆಳೆಸಿ ನೀವು ಸಾಧಿಸಿದುದೇನು ಎಂದು ಮಗನನ್ನೂ ಸೊಸೆಯನ್ನೂ ಹುಡುಗನ ಎದುರಿಗೇ ಕೇಳಿದೆವು. ಮಗನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸೊಸೆಯು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಮುಂದಿನ ಊರಿನವರೆಗೆ ಯಾರೂ ಮಾತನಾಡಲಿಲ್ಲ.

ಆ ಊರು ವಿಲ್‌ಫ್ರಾಂಷ್-ದ-ರುವೆರ್ಗ್. ಫ್ರಾನ್ಸಿನ ಒಂಬತ್ತನೆಯ ಲೂಯಿ ದೊರೆಯ ತಮ್ಮನಾದ ಅಲ್ಫೋನ್ಸನು ೧೨೫೨ರಲ್ಲಿ ಚದುರಂಗದ ಹಾಸಿನಂತೆ ಬೀದಿಗಳನ್ನು ಎಳೆಯಿಸಿ ಕಟ್ಟಿಸಿದ ಪೇಟೆ. ನಡುವೆ ಚೌಕ, ಸುತ್ತಲೂ ಕಮಾನಿನ ಮೊಗಸಾಲೆಗಳು. ಅಲ್ಲಿ ನಾವು ಬಿಗುಮಾನದಿಂದ ಒಬ್ಬರೇ ರೊಟ್ಟಿ ತರಲು ಹೊರಟೆವು. ಅಂಗಡಿಯ ಬಾಗಿಲು ಮುಚ್ಚಿದ್ದಿತು. ಮೇಲೊಂದು ಚೀಟಿ ಅಂಟಿಸಿದ್ದರು. ಇನ್ನೇನು ತೆರೆಯುವರೆಂದು ಅರ್ಧ ಗಂಟೆ ನಿಂತೆವು. ನಮ್ಮನ್ನು ಹುಡುಕಿಕೊಂಡು ಬಂದ ಮೊಮ್ಮಗನು ಚೀಟಿಯನ್ನು ಓದಿ, “ತಾತ, ಮೂರು ಗಂಟೆಯವರೆಗೆ ತೆಗೆಯುವುದಿಲ್ಲವಂತೆ” ಎಂದನು. ಆ ಸೀಮೆಯ ಸಣ್ಣ ಊರುಗಳಲ್ಲಿ ನಡುಹಗಲು ಅಂಗಡಿಗಳನ್ನು ಮುಚ್ಚುವ ರೂಢಿಯುಂಟು. ಸೊಸೆಯು ಮುಂಜಾನೆಯೇ ಕಟ್ಟಿಕೊಂಡಿದ್ದ ಪುಳಿಯೋಗರೆಯು ನಮ್ಮನ್ನು ಕಾಪಾಡಿತು. ಹೊಟ್ಟೆ ತುಂಬಿದರೂ ಮನಸ್ಸು ಕುಟುಕುತ್ತಿದ್ದಿತು. ಅಕ್ಷರವು ಕಣ್ಣೆದುರಿಗಿದ್ದೂ ಓದಲಾರದೆ ನಿಲ್ಲುವುದು ಹೇಗಿರುತ್ತದೆಂಬುದನ್ನು ಈ ವಯಸ್ಸಿನಲ್ಲಿ ಮೊದಲ ಸಲ ಅನುಭವಿಸಿದೆವು.

ಮಾರನೆಯ ದಿನ ದಾರಿಯ ಹಳ್ಳಿಯೊಂದರಲ್ಲಿ ೧೯೧೪–೧೮ರ ಯುದ್ಧದಲ್ಲಿ ಮಡಿದವರ ಸ್ಮಾರಕವನ್ನು ಕಂಡೆವು. ಆ ಯುದ್ಧದಲ್ಲಿ ಫ್ರಾನ್ಸಿನ ಸುಮಾರು ೧೪ ಲಕ್ಷ ಸೈನಿಕರು ಸತ್ತರು. ಇಂಥ ಕಲ್ಲು ಇಲ್ಲದ ಊರು ಆ ದೇಶದಲ್ಲಿ ಅಪರೂಪ. ಮೊಮ್ಮಗನು ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದನು. ಒಂದೇ ಮನೆತನದ ಹೆಸರು ಮೂರು ಸಲ ಬಂದಿತು. ನಮ್ಮ ಮನೆಯವರು, “ಆ ತಾಯಿ ಹೇಗೆ ತಡೆದುಕೊಂಡಳೋ” ಎಂದರು. ಓದಿ ಹೇಳುವ ಬಾಲಕನಿಲ್ಲದಿದ್ದರೆ ನಮಗೆ ಅದು ಬರಿಯ ಕಲ್ಲಾಗಿರುತ್ತಿದ್ದಿತು.

ಅಲ್ಲಿಂದ ಫಿಜಾಕಿಗೆ ಬಂದೆವು. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಷಾಂಪೋಲಿಯೋನನು ೧೭೯೦ರಲ್ಲಿ ಪುಸ್ತಕದ ವ್ಯಾಪಾರಿಯ ಮಗನಾಗಿ ಹುಟ್ಟಿದುದು ಈ ಊರಿನಲ್ಲಿ. ೧೭೯೯ರಲ್ಲಿ ಈಜಿಪ್ಟಿನ ರೊಸೆಟ್ಟಾ ಎಂಬಲ್ಲಿ ದೊರೆತ ಶಾಸನದಲ್ಲಿ ಒಂದೇ ವಿಷಯವನ್ನು ಚಿತ್ರಲಿಪಿಯಲ್ಲಿಯೂ, ಅಲ್ಲಿನ ಜನರ ರೂಢಿಯ ಲಿಪಿಯಲ್ಲಿಯೂ, ಗ್ರೀಕಿನಲ್ಲಿಯೂ ಕೆತ್ತಿದ್ದರು. ಆ ಶಾಸನವನ್ನು ಬಹಳ ದೊಡ್ಡದಾಗಿ ಕರಿಗಲ್ಲಿನಲ್ಲಿ ಕಡೆದು ಒಂದು ಅಂಗಳದ ತುಂಬ ಹಾಸಿದ್ದಾರೆ. ಅಮೆರಿಕದ ಕಲಾವಿದ ಜೋಸೆಫ್ ಕೊಸುತ್ ೧೯೯೧ರಲ್ಲಿ ಮಾಡಿದ ಕೆಲಸ. ಅಕ್ಷರಗಳ ಮೇಲೆಯೇ ನಡೆಯಬಹುದು. ಸರಸ್ವತಿಯನ್ನು ತುಳಿಯಲು ನಮಗೆ ಕಾಲು ಬಾರದೆ ಅಂಚಿನಲ್ಲಿ ನಿಂತೆವು.

“ತಾತ, ಇದನ್ನು ಬರೆದವರ ಮೊಮ್ಮಕ್ಕಳಿಗೂ ಓದಲು ಬರುತ್ತಿರಲಿಲ್ಲವೆ?” ಎಂದು ಮೊಮ್ಮಗನು ಕೇಳಿದನು.

ನಮಗೆ ತಿಳಿದುದನ್ನು ಹೇಳಿದೆವು. ಕ್ರಿಸ್ತಶಕ ೪ನೆಯ ಶತಮಾನದ ಕೊನೆಯ ಹೊತ್ತಿಗೆ ಆ ಚಿತ್ರಗಳನ್ನು ಬರೆಯುವವರು ಇಲ್ಲವಾದರು. ಮುಂದೆ ಸುಮಾರು ೧೪೦೦ ವರ್ಷ ಅವು ಮೂಕವಾದುವು. ಆದರೆ ಆ ಜನರ ಮಾತು ಒಮ್ಮೆಗೇ ಸಾಯಲಿಲ್ಲ. ಗ್ರೀಕ್ ಅಕ್ಷರಗಳನ್ನು ಆಧರಿಸಿದ ಬೇರೊಂದು ಲಿಪಿಯನ್ನು ತೊಟ್ಟು, ಕಾಪ್ಟಿಕ್ ಎಂಬ ಹೆಸರಿನಿಂದ ಅವರ ಚರ್ಚುಗಳ ಪ್ರಾರ್ಥನೆಯಲ್ಲಿ ಉಳಿದುಕೊಂಡಿತು. ಷಾಂಪೋಲಿಯೋನನು ಹನ್ನೆರಡು ವರ್ಷ ಹಿರಿಯನಾದ ಅಣ್ಣನ ಆಸರೆಯಲ್ಲಿ ಓದಿ, ಕಾಪ್ಟಿಕ್ಕನ್ನು ಚೆನ್ನಾಗಿ ಕಲಿತನು. ಉಂಗುರದಂಥ ಗೆರೆಯೊಳಗೆ ಬರೆದಿದ್ದ ರಾಜರ ಹೆಸರುಗಳನ್ನು ಮೊದಲು ಹಿಡಿದು, ೧೮೨೨ರಲ್ಲಿ ಲಿಪಿಯ ಬೀಗವನ್ನು ತೆಗೆದನು. ನಮ್ಮ ಅಶೋಕನ ಬ್ರಾಹ್ಮೀ ಲಿಪಿಯೂ ಹಾಗೆಯೇ ಮೂಕವಾಗಿದ್ದು, ೧೮೩೭ರ ಸುಮಾರಿನಲ್ಲಿ ಜೇಮ್ಸ್ ಪ್ರಿನ್ಸೆಪ್ಪನಿಂದ ಮತ್ತೆ ಬಾಯಿ ಪಡೆಯಿತು.

ಹೇಳುತ್ತಿದ್ದಂತೆ ನಮ್ಮ ಮಾತು ನಮಗೇ ತಾಗಿತು. ಮಾತು ಉಳಿದಿದ್ದುದರಿಂದಲ್ಲವೆ ಲಿಪಿಯನ್ನು ಮರಳಿ ಪಡೆಯಲಾದುದು? ಹಗಲೆಲ್ಲ ಫ್ರೆಂಚಿನಲ್ಲಿ ಓದಿ ಆಡಿ ಬರುವ ಹುಡುಗನು ಅಜ್ಜಿಗೆ ಕನ್ನಡದಲ್ಲಿ ಕಥೆ ಹೇಳುತ್ತಾನೆಂದರೆ, ಆ ಮಾತನ್ನು ಮನೆಯಲ್ಲಿ ಕಾಪಾಡಿದವರು ಯಾರು? ನಾವು ಗದರಿಸಿದ ಅವರಿಬ್ಬರೇ!

ಆ ರಾತ್ರಿ ತಂಗಿದ್ದ ಮನೆಯಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಮಗನು, “ಚಿಂತೆ ನಮಗೂ ಇದೆಯಪ್ಪ. ಕಲಿಸೋಣವೆಂದರೆ ಸಂಜೆಗೆ ಅವನೂ ಸೋತಿರುತ್ತಾನೆ, ನಾವೂ ಸೋತಿರುತ್ತೇವೆ” ಎಂದನು. ಸೊಸೆಯು, “ನೀವೇ ಕಲಿಸಿ ಮಾವ” ಎಂದಳು. ರೊಟ್ಟಿ ಸುತ್ತಿದ್ದ ಕಾಗದವನ್ನು ಬಿಡಿಸಿ ಹರವಿ, ಒಂದು ಉಂಗುರವನ್ನು ಬರೆದು, ಅದರೊಳಗೆ ಮೊಮ್ಮಗನ ಹೆಸರನ್ನು ಕನ್ನಡದಲ್ಲಿ ಬರೆದೆವು. ರಾಜನ ಹೆಸರಿನಂತೆ ಕಂಡಿತೇನೋ, ಅವನು ಅದನ್ನು ಹದಿನಾಲ್ಕು ಸಲ ತಿದ್ದಿದನು.

ಈಗ ಭಾನುವಾರ ಭಾನುವಾರ ಮುಖ ಕಾಣುವ ದೂರವಾಣಿಯಲ್ಲಿ ಪಾಠ ನಡೆಯುತ್ತಿದೆ. ಮೊಮ್ಮಕ್ಕಳು ದೂರದೇಶದಲ್ಲಿರುವ ವಾಚಕರು ಬೈಗುಳಕ್ಕೆ ಮೊದಲು ಬಳಪವನ್ನು ಹಿಡಿಯಲೆಂದು ನಮ್ಮ ವಿಜ್ಞಾಪನೆ. ಹೋದ ವಾರ ಐದು ಸಾಲಿನ ಕಾಗದವೊಂದು ಬಂದಿತು. ಲಕಾರ ಳಕಾರಗಳು ಎಲ್ಲೆಡೆಯಲ್ಲಿಯೂ ಅದಲುಬದಲಾಗಿವೆ. ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಂಡೆವು. ನಮ್ಮ ಮನೆಯವರು ಅದನ್ನು ಕಸಿದುಕೊಂಡು ಒಳಕ್ಕೆ ಹೋದರು.