ಲೋಟದ ತಳ
ಹೈಸ್ಕೂಲಿನ ಡ್ರಾಯಿಂಗ್ ಪೀರಿಯಡ್ಡು ಎಂದರೆ ಪೋರ್ಷನ್ ಮುಗಿಯದ ಬೇರೆ ಮೇಷ್ಟ್ರುಗಳ ಮೀಸಲು ನಿಧಿ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕಲೆಗೆ ಒಂದೂ ಇಲ್ಲ, ಹಾಗಾಗಿ ಕೇಳುವವರೂ ಇಲ್ಲ. ಪೀರಿಯಡ್ಡು ಉಳಿದ ದಿನವೂ ಪುಟ ತುಂಬುತ್ತಿದ್ದದ್ದು ಅದೇ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಪಕ್ಕಕ್ಕೊಂದು ತೆಂಗಿನಮರ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಹುಡುಗರೂ ಬಿಡಿಸುತ್ತಿದ್ದದ್ದು ಇದನ್ನೇ! ಇದರಿಂದ ಬಿಡುಗಡೆ ಸಿಗುತ್ತಿದ್ದದ್ದು ಡ್ರಾಯಿಂಗಿನ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದ ನಮ್ಮಂಥವರಿಗೆ ಮಾತ್ರ. ಮೇಷ್ಟ್ರು ಸ್ಟೂಲಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು, ‘ಕಂಡದ್ದನ್ನು ಬರೀರಿ’ ಅನ್ನುತ್ತಿದ್ದರು. ನಾವೋ, ಲೋಟದ ಬಾಯಿಯನ್ನು ಮೊಟ್ಟೆಯಾಕಾರಕ್ಕೆ ತಂದು, ತಳಕ್ಕೆ ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೆಯುವವರು. ‘ಬಾಯಿ ದುಂಡಗಿದ್ದರೆ ತಳ ಹೇಗಯ್ಯಾ ಚಪ್ಪಟೆ ಆಗುತ್ತೆ?’ ಎಂದು ಗದರಿ, ಬೋರ್ಡಿನ ಮೇಲೆ ಆ ಗೆರೆಯನ್ನು ಬಾಗಿಸುತ್ತಿದ್ದರು. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಬಾಗು ಹೆಚ್ಚುತ್ತದೆ, ಹಾಗಾಗಿ ಬಾಯಿಗಿಂತ ತಳದ ಬಾಗೇ ಜಾಸ್ತಿ. ದಿನಾ ನೀರು ಕುಡಿಯುವ ಲೋಟವನ್ನು ನಾವು ನೋಡಿಯೇ ಇರಲಿಲ್ಲ! ಆಮೇಲೆ ಚಾಕ್‌ಪೀಸನ್ನು ಅಡ್ಡಹಿಡಿದು ಉಜ್ಜಿದರೆ ಸಾಕು, ಬೋರ್ಡಿನ ಲೋಟ ಮೈತುಂಬಿಕೊಳ್ಳುತ್ತಿತ್ತು. ಇಂಥ ಕೈಯನ್ನು ಶಾಲೆ ಬಳಸಿಕೊಂಡದ್ದು ಯಾತಕ್ಕೆ ಅಂತೀರಿ? ವಾರ್ಷಿಕೋತ್ಸವದ ಬ್ಯಾನರಿಗೆ, ವಿಜ್ಞಾನ ವಸ್ತುಪ್ರದರ್ಶನದ ಚಾರ್ಟಿಗೆ, ಫಸ್ಟ್ ಬಂದವರ ಹೆಸರು ಬರೆಯುವ ಹಲಗೆಗೆ. ಈಗ ಬ್ಯಾನರೂ ಫ್ಲೆಕ್ಸ್ ಅಂಗಡಿಗೆ ಹೋಗಿದೆ. ಎಷ್ಟೋ ಶಾಲೆಗಳಲ್ಲಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರ ಜಾಗಕ್ಕೆ ಇನ್ನೊಬ್ಬರು ಬಂದೇ ಇಲ್ಲ.